ಭಯೋತ್ಪಾದನೆ ತಡೆ ಕಾನೂನಿನ ಬಗ್ಗೆ ಕರಾವಳಿಯ ಜನರನ್ನು ಕೇಳುವುದು ಹೇಗೆ: ಸಂಶೋಧನೆಗೆ ಇಳಿಯುವವರಿಗೆ ಸಮಗ್ರ ಮಾರ್ಗದರ್ಶಿ

ಬ್ರಹ್ಮಾವರದ ಹತ್ತಿರ ಒಂದು ಮನೆಯ ಜಗಲಿಯಲ್ಲಿ ಕೂತು ಪ್ರಶ್ನೆ ಓದಿದೆ. "ಭಯೋತ್ಪಾದನೆ ತಡೆಯಲು ಕಠಿಣ ಕಾನೂನು ಬೇಕು ಎಂಬುದನ್ನು ನೀವು ಒಪ್ಪುತ್ತೀರಾ?" ಎದುರಿಗಿದ್ದ ಅಮ್ಮ ಅಡಿಕೆ ಸುಲಿಯುತ್ತಿದ್ದರು. ಕೈ ನಿಲ್ಲಿಸಿ ನನ್ನ ಮುಖ ನೋಡಿದರು. "ಬೇಡ ಅಂತ ಯಾರಾದ್ರೂ ಹೇಳ್ತಾರಾ ಮಗಾ?"

ಮೂರು ವಾರ ಕೂತು ಮಾಡಿದ ಪ್ರಶ್ನೆಪಟ್ಟಿ ಅಲ್ಲೇ ಬಿದ್ದುಹೋಯಿತು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಯಾರೂ ಇಲ್ಲ ಅನ್ನಲಾರದ ಪ್ರಶ್ನೆಗೆ ಹೌದು ಅಂತ ಬಂದರೆ ಅದು ಜನಾಭಿಪ್ರಾಯ ಅಲ್ಲ. ಅದು ಮರ್ಯಾದೆಗೆ ಕೊಟ್ಟ ಉತ್ತರ, ಅಷ್ಟೆ.

ಕೊಣಾಜೆ, ಮಣಿಪಾಲ, ಉಡುಪಿ ಕಡೆಯ ಎಂಎ, ಪಿಎಚ್‌ಡಿ ವಿದ್ಯಾರ್ಥಿಗಳು ಈ ವಿಷಯ ಎತ್ತಿಕೊಂಡು ಆಗಾಗ ನನ್ನ ಹತ್ತಿರ ಬರುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಹೆಜ್ಜೆ 1: ವಿಷಯ ಸಣ್ಣದು ಮಾಡಿ

"ಭಯೋತ್ಪಾದನೆ ಮತ್ತು ಜನಾಭಿಪ್ರಾಯ" ಅಂದರೆ ಅದು ವಿಷಯವಲ್ಲ, ಸಮುದ್ರ. ಅದರೊಳಗೆ ಕನಿಷ್ಠ ಮೂರು ಬೇರೆಬೇರೆ ಸಂಗತಿಗಳಿವೆ. ಜನರಿಗೆ ಎಷ್ಟು ಭಯ ಇದೆ ಅನ್ನುವುದು ಒಂದು. ಪೊಲೀಸರ ಮೇಲೆ, ಕೋರ್ಟಿನ ಮೇಲೆ ಎಷ್ಟು ನಂಬಿಕೆ ಇದೆ ಅನ್ನುವುದು ಇನ್ನೊಂದು. ಒಂದು ನಿರ್ದಿಷ್ಟ ಕಾನೂನನ್ನು ಒಪ್ಪುತ್ತಾರಾ ಇಲ್ಲವಾ ಅನ್ನುವುದು ಮೂರನೆಯದು. ಇವು ಒಂದರ ಹಿಂದೆ ಒಂದು ಬರುತ್ತವೆ ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ. ಹಾಗೇನೂ ಇಲ್ಲ.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದಲ್ಲಿ ನಡೆದ ಎರಡು ಅಧ್ಯಯನಗಳನ್ನು ಮೊದಲು ಓದಿ. ಡ್ಯಾರೆನ್ ಡೇವಿಸ್ ಮತ್ತು ಬ್ರಯನ್ ಸಿಲ್ವರ್ 2004ರಲ್ಲಿ ಪ್ರಕಟಿಸಿದ ಲೇಖನ ಒಂದು. ಅಪಾಯ ಹತ್ತಿರ ಇದೆ ಅನಿಸಿದಷ್ಟೂ ಜನ ತಮ್ಮ ಸ್ವಾತಂತ್ರ್ಯ ಬಿಟ್ಟುಕೊಡಲು ತಯಾರಾಗುತ್ತಾರೆ ಎಂದು ಅವರು ಕಂಡರು. ಆದರೆ ಸರ್ಕಾರದ ಮೇಲೆ ನಂಬಿಕೆ ಕಡಿಮೆ ಇದ್ದವರು ಅಷ್ಟು ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಕಪ್ಪು ಜನಾಂಗದವರು ಬಿಳಿಯರಿಗಿಂತ ಜಾಸ್ತಿ ಹಿಂಜರಿದರು. 2005ರಲ್ಲಿ ಲಿಯೋನಿ ಹಡ್ಡಿ ಮತ್ತು ಜೊತೆಗಾರರು ಇನ್ನೂ ಸೂಕ್ಷ್ಮವಾದ ಒಂದು ಗೆರೆ ಎಳೆದರು. ಬೆದರಿಕೆ ಇದೆ ಎಂಬ ತಿಳಿವಳಿಕೆ ಬೇರೆ, ಒಳಗೊಳಗೇ ಕೊರೆಯುವ ಆತಂಕ ಬೇರೆ ಅಂತ. ಬೆದರಿಕೆ ಕಂಡವರು ಸೇನಾ ಕಾರ್ಯಾಚರಣೆಗೆ ಜೈ ಅಂದರು. ಆತಂಕದಲ್ಲಿದ್ದವರು ಹಿಂದೆ ಸರಿದರು.

ಇದು ನಮ್ಮ ಊರಿಗೂ ಹೊಂದುತ್ತದಾ? ಪ್ರಶ್ನೆ ಹುಟ್ಟುವುದೇ ಇಲ್ಲಿ. ನಿಮ್ಮ ಅಧ್ಯಯನದ ಪ್ರಶ್ನೆ ಒಂದೇ ವಾಕ್ಯದಲ್ಲಿ ಇರಲಿ. ಉದಾಹರಣೆಗೆ: "ಪೊಲೀಸರ ಮೇಲೆ ನಂಬಿಕೆ ಕಡಿಮೆ ಇರುವವರು ಚಾರ್ಜ್‌ಶೀಟ್ ಇಲ್ಲದ ದೀರ್ಘ ಬಂಧನವನ್ನು ಕಡಿಮೆ ಒಪ್ಪುತ್ತಾರಾ?" ಇಷ್ಟು ಸಾಕು. ಒಂದು ಎಂಎ ಪ್ರಾಜೆಕ್ಟಿಗೆ ಇದೇ ಜಾಸ್ತಿ.

ಹೆಜ್ಜೆ 2: ಕಾನೂನು ಓದಿ

ಪೇಪರ್ ಓದಿದ್ದು ಸಾಲದು, ಕಾಯ್ದೆಯನ್ನೇ ಓದಬೇಕು. ಭಯೋತ್ಪಾದನೆ ತಡೆಯಲು ಟಾಡಾ ಎಂಬ ಕಾಯ್ದೆ 1985ರಲ್ಲಿ ಬಂತು, 1995ರಲ್ಲಿ ಅವಧಿ ಮುಗಿಯಿತು. ಅದೇ ಬಗೆಯ ಪೋಟಾ ಕಾಯ್ದೆ 2002ರಲ್ಲಿ ಬಂದು 2004ರಲ್ಲಿ ರದ್ದಾಯಿತು. ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ, 1967ರದ್ದು. ಆದರೆ ಭಯೋತ್ಪಾದನೆಯ ಅಧ್ಯಾಯ ಅದರೊಳಗೆ ಸೇರಿದ್ದು 2004ರಲ್ಲಿ, ಪೋಟಾ ಹೋದಾಗ. 2008ರ ಮುಂಬೈ ದಾಳಿಯ ನಂತರ ಅದು ಇನ್ನೂ ಬಿಗಿಯಾಯಿತು, ರಾಷ್ಟ್ರೀಯ ತನಿಖಾ ದಳ (ಎನ್‌ಐಎ) ಹುಟ್ಟಿದ್ದೂ ಆಗಲೇ. 2019ರ ತಿದ್ದುಪಡಿಯಿಂದ ಸಂಘಟನೆಯನ್ನಷ್ಟೇ ಅಲ್ಲ, ಒಬ್ಬ ವ್ಯಕ್ತಿಯನ್ನೂ ಭಯೋತ್ಪಾದಕ ಎಂದು ಘೋಷಿಸಬಹುದು.

ಜನರನ್ನು ಕೇಳಲು ಬೇಕಾದ ವಿಷಯ ಮುಖ್ಯವಾಗಿ ಎರಡು ಕಡೆ ಇದೆ. ಸಾಮಾನ್ಯ ಕೇಸಿನಲ್ಲಿ 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಆರೋಪಿಗೆ ಜಾಮೀನಿನ ಹಕ್ಕು ಬರುತ್ತದೆ. ಯುಎಪಿಎಯಲ್ಲಿ ಕೋರ್ಟ್ ಒಪ್ಪಿದರೆ ಅದು 180 ದಿನದವರೆಗೆ ಹೋಗಬಹುದು. ಎರಡನೆಯದು ಅದೇ ಕಾಯ್ದೆಯ ಕಲಂ 43ಡಿ(5). ಆರೋಪ ಮೇಲ್ನೋಟಕ್ಕೆ ನಿಜ ಅಂತ ಕಂಡರೆ ಕೋರ್ಟ್ ಜಾಮೀನು ಕೊಡುವ ಹಾಗಿಲ್ಲ. ಇದನ್ನು ಸುಪ್ರೀಂ ಕೋರ್ಟ್ 2019ರ ವಟಾಲಿ ತೀರ್ಪಿನಲ್ಲಿ ಬಿಗಿಯಾಗಿ ಓದಿತು. 2021ರ ನಜೀಬ್ ತೀರ್ಪಿನಲ್ಲಿ, ವಿಚಾರಣೆ ವರ್ಷಗಟ್ಟಲೆ ಎಳೆದರೆ ಜಾಮೀನು ಕೊಡಬಹುದು ಎಂದು ಸ್ವಲ್ಪ ಸಡಿಲ ಮಾಡಿತು. ಇಷ್ಟು ಗೊತ್ತಿಲ್ಲದೆ ಮನೆಬಾಗಿಲಿಗೆ ಹೋದರೆ, ಉತ್ತರ ಕೊಡುವವರು "ಅಂದರೆ ಎಂತ?" ಅಂತ ತಿರುಗಿ ಕೇಳಿದಾಗ ನೀವು ತಡವರಿಸುತ್ತೀರಿ.

ಹೆಜ್ಜೆ 3: ಇರುವ ಅಂಕಿ ನೋಡಿ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ (ಎನ್‌ಸಿಆರ್‌ಬಿ) ವರದಿಯಲ್ಲಿ ಯುಎಪಿಎ ಕೇಸುಗಳ ಲೆಕ್ಕ ರಾಜ್ಯವಾರು ಸಿಗುತ್ತದೆ. ಆದರೆ ಹುಷಾರು. ಅಲ್ಲಿ ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧ ಇದ್ದರೆ ಅತಿ ದೊಡ್ಡ ಅಪರಾಧದ ಖಾತೆಗೆ ಮಾತ್ರ ಅದನ್ನು ಹಾಕುತ್ತಾರೆ. ಕೊಲೆ ಮತ್ತು ಯುಎಪಿಎ ಒಟ್ಟಿಗೆ ಇದ್ದರೆ ಅದು ಕೊಲೆ ಪಟ್ಟಿಗೆ ಹೋಗುತ್ತದೆ. ಇದನ್ನು ತಿಳಿಯದೆ ಕೋಷ್ಟಕ ಹಾಕಿದ ಪ್ರಬಂಧಗಳನ್ನು ನಾನು ನೋಡಿದ್ದೇನೆ. ಮಾರ್ಗದರ್ಶಕರೂ ಸಹಿ ಹಾಕಿದ್ದರು. ಬೇಜಾರಾಯಿತು.

ಸಂಸತ್ತಿನ ಪ್ರಶ್ನೋತ್ತರಗಳು ಒಳ್ಳೆಯ ಮೂಲ. ಎನ್‌ಐಎ ತನ್ನ ಜಾಲತಾಣದಲ್ಲಿ ಕೇಸುಗಳ ಪಟ್ಟಿ ಹಾಕುತ್ತದೆ. ಆರ್‌ಟಿಐ ಹಾಕಿ ಎನ್‌ಐಎಯಿಂದಲೇ ಮಾಹಿತಿ ತರುತ್ತೇನೆ ಅಂತ ಹೊರಡಬೇಡಿ. ಮಾಹಿತಿ ಹಕ್ಕು ಕಾಯ್ದೆಯಿಂದ ವಿನಾಯಿತಿ ಪಡೆದ ಸಂಸ್ಥೆಗಳ ಪಟ್ಟಿಯಲ್ಲಿ, ಅಂದರೆ ಎರಡನೇ ಅನುಸೂಚಿಯಲ್ಲಿ, ಅದು ಇದೆ. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪ ಬಿಟ್ಟು ಬೇರೆ ಕೊಡಬೇಕಾಗಿಲ್ಲ. ಘಟನೆಗಳ ಪಟ್ಟಿಗೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜಾಗತಿಕ ಭಯೋತ್ಪಾದನೆ ದತ್ತಾಂಶ ಇದೆ, 1970ರಿಂದ ಶುರು. ಜನರು ಪೊಲೀಸರ ಬಗ್ಗೆ ಏನು ಹೇಳುತ್ತಾರೆ ಅಂತ ತಿಳಿಯಲು ಕಾಮನ್ ಕಾಸ್ ಮತ್ತು ಲೋಕನೀತಿ-ಸಿಎಸ್‌ಡಿಎಸ್ ಎಂಬ ಸಂಸ್ಥೆಗಳು ಒಟ್ಟಿಗೆ ತರುವ ಪೊಲೀಸ್ ವ್ಯವಸ್ಥೆಯ ಸ್ಥಿತಿಗತಿ ವರದಿಗಳನ್ನು ನೋಡಿ. 2023ರದ್ದು ಕಣ್ಗಾವಲು ಮತ್ತು ಖಾಸಗಿತನದ ಬಗ್ಗೆ. ಅವರ ಪ್ರಶ್ನೆಗಳನ್ನೇ ಕೆಲವು ಹಾಗೇ ಬಳಸಿದರೆ ನಿಮ್ಮ ಉತ್ತರವನ್ನು ಬೇರೆ ಕಡೆಯದರ ಜೊತೆ ಇಟ್ಟು ನೋಡಬಹುದು.

ಹೆಜ್ಜೆ 4: ಪದ ಆರಿಸಿ. ಇಲ್ಲಿ ಆತುರ ಬೇಡ

ನಿಮ್ಮ ಅರ್ಧ ಸಮಯ ಇಲ್ಲೇ ಹೋಗಬೇಕು. ನನ್ನ ಮಟ್ಟಿಗೆ ಈ ಕೆಲಸದ ಜೀವ ಇಲ್ಲಿದೆ.

1941ರಲ್ಲಿ ಡೊನಾಲ್ಡ್ ರಗ್ ಎಂಬವರು ಅಮೆರಿಕದಲ್ಲಿ ಒಂದು ಸಣ್ಣ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಪ್ರಜಾಪ್ರಭುತ್ವದ ವಿರುದ್ಧ ಭಾಷಣ ಮಾಡುವುದನ್ನು "ನಿಷೇಧಿಸಬೇಕೇ" ಅಂತ ಕೆಲವರನ್ನು, "ಬಿಡಬೇಕೇ" ಅಂತ ಉಳಿದವರನ್ನು ಕೇಳಿದ್ದರು. ಎರಡೂ ಒಂದೇ ಪ್ರಶ್ನೆ, ಅಲ್ವಾ? ಆದರೆ ನಿಷೇಧಿಸಬೇಕು ಅಂದವರಿಗಿಂತ ಬಿಡಬಾರದು ಅಂದವರು ತುಂಬಾ ಜಾಸ್ತಿ. ಗೊತ್ತಿಲ್ಲ ಅಂದವರನ್ನು ಬಿಟ್ಟು ಲೆಕ್ಕ ಹಾಕಿದರೆ ಅಂತರ ಸುಮಾರು 20 ಪರ್ಸೆಂಟ್.

ಈಗ ನಮ್ಮ ಪ್ರಶ್ನೆಗೆ ಬನ್ನಿ. "ದೇಶದ ಭದ್ರತೆಗಾಗಿ ಶಂಕಿತ ಉಗ್ರರನ್ನು ಜಾಮೀನಿಲ್ಲದೆ ಜೈಲಿನಲ್ಲಿ ಇಡಬೇಕೇ?" ಈ ವಾಕ್ಯದಲ್ಲಿ ಉತ್ತರ ಆಗಲೇ ಕೂತಿದೆ. "ದೇಶದ ಭದ್ರತೆಗಾಗಿ" ಅಂದ ಕೂಡಲೇ ಬೇಡ ಅನ್ನುವವರು ದೇಶದ ವಿರುದ್ಧ ಆದರು. "ಉಗ್ರ" ಅಂದ ಕೂಡಲೇ ಅಪರಾಧ ಸಾಬೀತಾಯಿತು. "ಶಂಕಿತ" ಎಂಬ ಪದ ಯಾರ ಕಿವಿಗೂ ಬೀಳುವುದಿಲ್ಲ. ಅದೇ ಪ್ರಶ್ನೆಯನ್ನು ಹೀಗೆ ಕೇಳಿ: "ಒಬ್ಬ ವ್ಯಕ್ತಿಯನ್ನು ಪೊಲೀಸರು ಬಂಧಿಸಿದ್ದಾರೆ. ಬಾಂಬ್ ಇಡಲು ಸಹಾಯ ಮಾಡಿದ ಆರೋಪ ಇದೆ. ಕೋರ್ಟಿನಲ್ಲಿ ಇನ್ನೂ ಸಾಬೀತಾಗಿಲ್ಲ. ಚಾರ್ಜ್‌ಶೀಟ್ ಹಾಕುವ ಮೊದಲು ಆತನನ್ನು ಎಷ್ಟು ದಿನದವರೆಗೆ ಜೈಲಿನಲ್ಲಿ ಇಡಬಹುದು ಅಂತ ನಿಮಗೆ ಅನಿಸುತ್ತದೆ?" ದಿನದ ಲೆಕ್ಕ ಕೇಳಿದಾಗ ಜನ ನಿಜವಾಗಿ ಯೋಚಿಸುತ್ತಾರೆ. ಬ್ರಹ್ಮಾವರದ ಆ ಅಮ್ಮನ ಹತ್ತಿರ ಎರಡನೇ ಸಲ ಹೋದಾಗ ಇದನ್ನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬಾಂಬ್ ಇಟ್ಟವ ಆದ್ರೆ ಜೀವಮಾನ ಇಡ್ಲಿ. ಇಡದವ ಆದ್ರೆ? ಒಂದು ತಿಂಗಳೂ ಜಾಸ್ತಿಯೇ." ಮೊದಲ ಪ್ರಶ್ನೆಗೆ ಸಿಗದ ಉತ್ತರ ಇದು.

ಇನ್ನೊಂದು ತೊಡಕು ನಮ್ಮ ಜಿಲ್ಲೆಗಳಿಗೇ ವಿಶೇಷವಾದದ್ದು. ಭಯೋತ್ಪಾದನೆ ಅಂದಾಗ ಜನರ ಕಣ್ಣ ಮುಂದೆ ಯಾವುದು ಬರುತ್ತದೆ? ಮಂಗಳೂರಿನವರಿಗೆ 2022ರ ನವೆಂಬರ್ 19ರಂದು ಆಟೋದೊಳಗೆ ಸಿಡಿದ ಕುಕ್ಕರ್ ಬಾಂಬ್ ನೆನಪಾಗಬಹುದು. ಅಥವಾ 2020ರ ಜನವರಿಯಲ್ಲಿ ಬಜ್ಪೆ ವಿಮಾನ ನಿಲ್ದಾಣದಲ್ಲಿ ಸಿಕ್ಕ ಸ್ಫೋಟಕದ ಬ್ಯಾಗ್. ಕಾರ್ಕಳ, ಹೆಬ್ರಿಯ ಕಾಡಂಚಿನ ಮನೆಯವರಿಗೆ ಬೇರೆಯೇ ನೆನಪು. 2003ರಲ್ಲಿ ಈದು ಎಂಬ ಊರಿನಲ್ಲಿ ನಡೆದ ನಕ್ಸಲ್ ಎನ್‌ಕೌಂಟರ್, 2024ರ ನವೆಂಬರಿನಲ್ಲಿ ಹೆಬ್ರಿ ಕಾಡಿನಲ್ಲಿ ನಡೆದ ಇನ್ನೊಂದು ಎನ್‌ಕೌಂಟರ್, ನಕ್ಸಲ್ ನಿಗ್ರಹ ಪಡೆಯ ಜೀಪುಗಳು, 2025ರ ಜನವರಿಯಲ್ಲಿ ಆರು ನಕ್ಸಲರು ಶರಣಾದದ್ದು. ಕಾನೂನಿಗೆ ಇವೆಲ್ಲ ಒಂದೇ ಕಾಯ್ದೆಯ ಕೆಳಗೆ ಬರುತ್ತವೆ. ನಕ್ಸಲರ ಮಾವೋವಾದಿ ಪಕ್ಷವೂ ಯುಎಪಿಎಯ ನಿಷೇಧಿತ ಸಂಘಟನೆಗಳ ಪಟ್ಟಿಯಲ್ಲೇ ಇದೆ. ಜನರ ಮನಸ್ಸಿನಲ್ಲಿ ಹಾಗಿಲ್ಲ. ಆದ್ದರಿಂದ ಮೊದಲ ಪ್ರಶ್ನೆ ತೆರೆದ ಪ್ರಶ್ನೆಯಾಗಿರಲಿ: "ಭಯೋತ್ಪಾದನೆ ಅಂದಾಗ ನಿಮಗೆ ಏನು ನೆನಪಾಗುತ್ತದೆ?" ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಇದೊಂದು ಉತ್ತರ ಇಲ್ಲದಿದ್ದರೆ ಉಳಿದ ಯಾವ ಉತ್ತರಕ್ಕೂ ಅರ್ಥ ಹಚ್ಚಲು ಆಗುವುದಿಲ್ಲ.

ಭಾಷೆಯದ್ದು ಇನ್ನೊಂದು ಕೆಲಸ. ತುಳು, ಬ್ಯಾರಿ, ಕೊಂಕಣಿ, ಕುಂದಾಪ್ರ ಕನ್ನಡ, ಒಂದೇ ರಸ್ತೆಯಲ್ಲಿ ಎಲ್ಲವೂ ಸಿಗುತ್ತವೆ. ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬಹುದು, ಅದೊಂದು ಅನುಕೂಲ. ಒಬ್ಬರು ಕನ್ನಡದಿಂದ ತುಳುವಿಗೆ ತರಲಿ. ಮೂಲ ನೋಡದ ಇನ್ನೊಬ್ಬರು ಅದನ್ನು ವಾಪಸ್ ಕನ್ನಡಕ್ಕೆ ತರಲಿ. ಎರಡನ್ನೂ ಪಕ್ಕದಲ್ಲಿಟ್ಟು ಓದಿ. ಎಲ್ಲಿ ಅರ್ಥ ಜಾರಿದೆ ಅಂತ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ.

ಆಮೇಲೆ ಎಂಟು ಹತ್ತು ಮಂದಿಯ ಹತ್ತಿರ ಹೋಗಿ, ಪ್ರಶ್ನೆ ಓದಿ, ಉತ್ತರದ ಬದಲು "ನಾನು ಈಗ ಏನು ಕೇಳಿದೆ, ನಿಮ್ಮ ಮಾತಿನಲ್ಲಿ ಹೇಳಿ" ಅನ್ನಿ. ಕೇಳಿದ್ದು ಒಂದು, ಅವರಿಗೆ ತಲುಪಿದ್ದು ಇನ್ನೊಂದು ಆಗಿದ್ದರೆ ಪ್ರಶ್ನೆ ಬದಲಿಸಿ. ಅವರನ್ನು ಬದಲಿಸಬೇಡಿ.

ಹೆಜ್ಜೆ 5: ಬಾಯಿಬಿಟ್ಟು ಹೇಳಲಾರದ್ದನ್ನು ಕೇಳುವುದು

ಪೊಲೀಸರ ಬಗ್ಗೆ ಅಸಮಾಧಾನ ಇದ್ದರೂ ಕೆಲವರು ಹೇಳುವುದಿಲ್ಲ. ಇನ್ನೊಂದು ಧರ್ಮದವರ ಮೇಲೆ ಅನುಮಾನ ಇದ್ದರೂ ಕೆಲವರು ಹೇಳುವುದಿಲ್ಲ. ಇದಕ್ಕೆ ಒಂದು ಹಳೆಯ, ಒಳ್ಳೆಯ ಉಪಾಯ ಇದೆ, ಪಟ್ಟಿ ಪ್ರಯೋಗ ಅಂತ.

ಚೀಟಿ ಎತ್ತಿ ಜನರನ್ನು ಎರಡು ಗುಂಪು ಮಾಡಿ. ಮೊದಲ ಗುಂಪಿಗೆ ನಾಲ್ಕು ಸಂಗತಿ ಓದಿ: ಮಳೆಗಾಲದಲ್ಲಿ ಕರೆಂಟ್ ಹೋಗುವುದು, ಹೆದ್ದಾರಿ ಕೆಲಸ ಮುಗಿಯದೆ ಎಳೆಯುವುದು, ಬಸ್ಸಿನಲ್ಲಿ ಕರ್ಕಶ ಹಾರ್ನ್, ಅಂಗಡಿಯಲ್ಲಿ ಚಿಲ್ಲರೆ ಬದಲು ಚಾಕೊಲೇಟ್ ಕೊಡುವುದು. "ಇವುಗಳಲ್ಲಿ ಎಷ್ಟು ನಿಮಗೆ ಸಿಟ್ಟು ತರಿಸುತ್ತವೆ? ಯಾವುವು ಅಂತ ಹೇಳುವುದು ಬೇಡ, ಎಷ್ಟು ಅಂತ ಮಾತ್ರ ಹೇಳಿ." ಎರಡನೇ ಗುಂಪಿಗೆ ಅದೇ ನಾಲ್ಕು, ಜೊತೆಗೆ ಐದನೆಯದು: ಬರೀ ಅನುಮಾನದ ಮೇಲೆ ಪೊಲೀಸರು ಮನೆ ತಪಾಸಣೆ ಮಾಡುವುದು. ಮೊದಲ ಗುಂಪಿನ ಸರಾಸರಿ 2.1 ಬಂತು, ಎರಡನೆಯದರದ್ದು 2.5 ಬಂತು ಅಂತ ಇಟ್ಟುಕೊಳ್ಳಿ. ನಡುವಿನ 0.4, ಅಂದರೆ ಸುಮಾರು 40 ಪರ್ಸೆಂಟ್ ಜನಕ್ಕೆ ಆ ಐದನೆಯದು ಸಿಟ್ಟು ತರಿಸುತ್ತದೆ. ಯಾರಿಗೆ ಅಂತ ನಿಮಗೂ ಗೊತ್ತಾಗುವುದಿಲ್ಲ, ಬೇರೆ ಯಾರಿಗೂ ಗೊತ್ತಾಗುವುದಿಲ್ಲ. ಅದೇ ಇದರ ಚೆಂದ.

ನಾಲ್ಕಕ್ಕೆ ನಾಲ್ಕೂ ಎಲ್ಲರಿಗೂ ಸಿಟ್ಟು ತರಿಸುವಂಥದ್ದಾದರೆ ಉಪಾಯ ಕೆಡುತ್ತದೆ. ಐದಕ್ಕೆ ಐದು ಅಂದವರ ಗುಟ್ಟು ಬಯಲಾಗಿಬಿಡುತ್ತದೆ. ಒಂದೆರಡು ಸಂಗತಿ ಕೆಲವರಿಗೆ ಮಾತ್ರ ಸಿಟ್ಟು ತರಿಸುವಂಥದ್ದು ಇರಲಿ. ಈ ವಿಧಾನಕ್ಕೆ ನೇರ ಪ್ರಶ್ನೆಗಿಂತ ಜಾಸ್ತಿ ಜನ ಬೇಕು ಎಂಬುದನ್ನೂ ಮರೆಯಬೇಡಿ.

ಕಥೆಯೊಳಗೆ ಆರೋಪಿಯ ಹೆಸರು ಬದಲಿಸಿ ಕೇಳುವ ಪ್ರಯೋಗವೂ ಇದೆ. ಮೂರನೇ ಒಂದು ಭಾಗಕ್ಕೆ ಹಿಂದೂ ಹೆಸರು, ಇನ್ನೊಂದು ಭಾಗಕ್ಕೆ ಮುಸ್ಲಿಂ ಹೆಸರು, ಉಳಿದವರಿಗೆ ಹೆಸರೇ ಇಲ್ಲ. ಫಲಿತಾಂಶ ಗಟ್ಟಿಯಾಗಿ ಬರುತ್ತದೆ. ಆದರೆ ಸಂದರ್ಶನ ಮುಗಿದ ಮೇಲೆ "ಈ ಕಥೆ ನಾವೇ ಮಾಡಿದ್ದು, ಇಂಥ ಘಟನೆ ಆಗಿಲ್ಲ" ಅಂತ ಬಿಡಿಸಿ ಹೇಳಲೇಬೇಕು. ಹೇಳದೆ ಎದ್ದು ಬಂದರೆ ಸಂಜೆಯೊಳಗೆ ಅದು ವಾಟ್ಸಾಪ್ ಸುದ್ದಿ ಆಗಿರುತ್ತದೆ. ನಮ್ಮ ಊರಿನಲ್ಲಿ ಅದರ ಬೆಲೆ ಏನು ಅಂತ ಎಲ್ಲರಿಗೂ ಗೊತ್ತು.

ಹೆಜ್ಜೆ 6: ಯಾರನ್ನು, ಎಷ್ಟು ಮಂದಿಯನ್ನು, ಯಾವಾಗ

ಗೂಗಲ್ ಫಾರ್ಮ್ ಮಾಡಿ ಗುಂಪುಗಳಿಗೆ ಕಳಿಸುವುದು ಸುಲಭ. ಬರುವುದು ನಿಮ್ಮ ಗೆಳೆಯರ ಅಭಿಪ್ರಾಯ. ಮತದಾರರ ಪಟ್ಟಿ ಮತಗಟ್ಟೆವಾರು ಸಿಗುತ್ತದೆ. ಮತಗಟ್ಟೆಗಳನ್ನು ಚೀಟಿ ಎತ್ತಿ ಆರಿಸಿ, ಅದರೊಳಗಿಂದ ಹೆಸರುಗಳನ್ನು ಆರಿಸಿ. ಲೆಕ್ಕ ಹೀಗೆ: 95 ಪರ್ಸೆಂಟ್ ಭರವಸೆ, 5 ಪರ್ಸೆಂಟ್ ಹೆಚ್ಚುಕಡಿಮೆ ಬೇಕಾದರೆ 384 ಮಂದಿ. ಆದರೆ ಒಂದೇ ಮತಗಟ್ಟೆಯ ಜನ ಒಂದೇ ರೀತಿ ಯೋಚಿಸುವುದು ಜಾಸ್ತಿ. ಒಂದು ಕಡೆ 10 ಮಂದಿ, ಒಂದೇ ಮತಗಟ್ಟೆಯವರ ಉತ್ತರ ಎಷ್ಟು ಹೋಲುತ್ತದೆ ಎಂಬ ಅಳತೆ 0.05 ಅಂತಿಟ್ಟುಕೊಂಡರೆ 384ನ್ನು 1.45ರಿಂದ (1 + 9 × 0.05) ಗುಣಿಸಬೇಕು. ಸುಮಾರು 557 ಆಗುತ್ತದೆ. ಗುಂಪುಗಳನ್ನು ಹೋಲಿಸುವುದಿದ್ದರೆ ಇನ್ನೂ ಜಾಸ್ತಿ ಬೇಕು.

ಪುಸ್ತಕದಲ್ಲಿ ಪ್ರತಿ ಹತ್ತನೇ ಮನೆಗೆ ಹೋಗಿ ಅಂತ ಬರೆದಿರುತ್ತದೆ. ನಮ್ಮಲ್ಲಿ ಮನೆಗಳು ಸಾಲಾಗಿ ಎಲ್ಲಿವೆ? ತೋಟದ ನಡುವೆ ಒಂದು, ಗುಡ್ಡದ ಮೇಲೆ ಒಂದು. ಹತ್ತನೇ ಮನೆ ಹುಡುಕಲು ಅರ್ಧ ದಿನ ಬೇಕು. ಮಂಗಳೂರಿನ ಫ್ಲ್ಯಾಟ್‌ಗಳಲ್ಲಿ ವಾಚ್‌ಮ್ಯಾನ್ ಗೇಟಿನಲ್ಲೇ ನಿಲ್ಲಿಸುತ್ತಾರೆ, ಸಂಘದ ಕಾರ್ಯದರ್ಶಿಗೆ ಮೊದಲೇ ಪತ್ರ ಕೊಡಿ. ಮತ್ತೆ ಗಲ್ಫ್. ದುಡಿಯುವ ವಯಸ್ಸಿನ ಗಂಡಸರು ಊರಲ್ಲಿ ಇಲ್ಲದ ಮನೆಗಳು ಬೇಕಾದಷ್ಟು. ಸಿಕ್ಕವರನ್ನೇ ಕೇಳುತ್ತಾ ಹೋದರೆ ಹೆಂಗಸರು, ವಯಸ್ಸಾದವರು ಜಾಸ್ತಿ ಆಗುತ್ತಾರೆ. ಇದನ್ನು ಮೊದಲೇ ಲೆಕ್ಕಕ್ಕೆ ತನ್ನಿ.

ಮಲ್ಪೆ, ಬಂದರು ಕಡೆಯ ಮೀನುಗಾರರನ್ನು ಹಿಡಿಯಲು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಸಮಯ ಒಳ್ಳೆಯದು. ಮಳೆಗೆ ಒದ್ದೆಯಾಗುತ್ತೀರಿ, ಆದರೆ ಜನ ಸಿಗುತ್ತಾರೆ. ಶುಕ್ರವಾರ ಮಧ್ಯಾಹ್ನ, ಭಾನುವಾರ ಬೆಳಗ್ಗೆ, ಊರಿನ ಜಾತ್ರೆ ಕೋಲದ ದಿನ ಬೇಡ.

ಇನ್ನೊಂದು ಮಾತು. ಇಲ್ಲಿ ನೀವು ಜನರನ್ನು ಅಳೆಯುವ ಮೊದಲು ಜನ ನಿಮ್ಮನ್ನು ಅಳೆಯುತ್ತಾರೆ. "ಈರೆನ ಇಲ್ಲ್ ಓಲು?" ಎಂಬ ಪ್ರಶ್ನೆ ಬರೀ ಮನೆ ಎಲ್ಲಿ ಅಂತ ಅಲ್ಲ. ಊರು, ಹೆಸರು, ಮಾತಿನ ಧಾಟಿಯಿಂದ ನೀವು ಯಾರ ಪೈಕಿ ಅಂತ ಅವರಿಗೆ ಗೊತ್ತಾಗುತ್ತದೆ. ಉತ್ತರ ಅದಕ್ಕೆ ತಕ್ಕ ಹಾಗೆ ಬಾಗುತ್ತದೆ. ಇದನ್ನು ತಪ್ಪಿಸಲು ಆಗುವುದಿಲ್ಲ, ಬರೆದಿಡಬಹುದು. ಬೇರೆ ಬೇರೆ ಸಮುದಾಯದ ಹುಡುಗ ಹುಡುಗಿಯರ ತಂಡ ಮಾಡಿ. ಯಾವ ಮನೆಗೆ ಯಾರು ಹೋಗಬೇಕು ಅಂತ ಚೀಟಿ ಎತ್ತಿ. ಪ್ರತಿ ಫಾರಂನಲ್ಲಿ ಕೇಳಿದವರ ಸಂಕೇತ ಸಂಖ್ಯೆ ಇರಲಿ. ಆಮೇಲೆ ಕೇಳಿದವರು ಬದಲಾದಾಗ ಉತ್ತರ ಎಷ್ಟು ಬದಲಾಯಿತು ಅಂತ ನೋಡಬಹುದು.

ಹೆಜ್ಜೆ 7: ಉತ್ತರ ಕೊಟ್ಟವರನ್ನು ಕಾಪಾಡಿ

ವಕೀಲರಿಗೆ ಹೇಳಿದ ಮಾತಿಗೆ ಕಾನೂನಿನ ರಕ್ಷಣೆ ಇದೆ. ಸಂಶೋಧಕರಿಗೆ ಹೇಳಿದ ಮಾತಿಗೆ ನಮ್ಮ ದೇಶದಲ್ಲಿ ಅಂಥ ರಕ್ಷಣೆ ಇಲ್ಲ. ಯುಎಪಿಎಯ ಕಲಂ 43ಎಫ್ ಪ್ರಕಾರ ತನಿಖಾಧಿಕಾರಿ ಯಾರಿಂದಲಾದರೂ ಮಾಹಿತಿ ಕೇಳಬಹುದು. ಹಾಗಾಗಿ "ಗೌಪ್ಯವಾಗಿ ಇಡುತ್ತೇವೆ" ಅಂತ ದೊಡ್ಡ ಮಾತು ಕೊಡುವ ಬದಲು, ಗೌಪ್ಯವಾಗಿ ಇಡಬೇಕಾದ್ದನ್ನು ಬರೆದುಕೊಳ್ಳಲೇಬೇಡಿ. ಹೆಸರು ಬೇಡ, ಮನೆ ನಂಬರ್ ಬೇಡ. ಮತದಾರರ ಪಟ್ಟಿಯ ಹೆಸರನ್ನು ಫಾರಂನ ಸಂಖ್ಯೆಗೆ ಜೋಡಿಸುವ ಹಾಳೆಯನ್ನು ಆ ಮನೆಗಳ ಕೆಲಸ ಮುಗಿದ ದಿನವೇ ಹರಿದು ಹಾಕಿ. "ನಿಮಗೆ ಬಂಧನ ಆದವರು ಯಾರಾದರೂ ಗೊತ್ತಾ?" ಎಂಬ ಪ್ರಶ್ನೆ ಬೇಡವೇ ಬೇಡ. ಯಾರಾದರೂ ತಾವಾಗಿಯೇ ಅಂಥ ಮಾತು ತೆಗೆದರೆ ನಯವಾಗಿ ನಿಲ್ಲಿಸಿ. ನಿಷೇಧಿತ ಸಂಘಟನೆಗಳ ಕರಪತ್ರ, ವಿಡಿಯೋ ನಿಮ್ಮ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಳ್ಳಬೇಡಿ. ಜನಾಭಿಪ್ರಾಯದ ಅಧ್ಯಯನಕ್ಕೆ ಅದರ ಅಗತ್ಯ ಇಲ್ಲ.

ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಕೈಯಲ್ಲಿರಲಿ. ಸ್ಥಳೀಯ ಠಾಣೆಗೆ ವಿಭಾಗದ ಲೆಟರ್‌ಹೆಡ್‌ನಲ್ಲಿ ಒಂದು ಮಾಹಿತಿ ಪತ್ರ ಕೊಡಿ, ಆದರೆ ಮನೆಗಳ ಪಟ್ಟಿ ಕೊಡಬೇಡಿ.

ಹೆಜ್ಜೆ 8: ನಡುವೆ ಏನಾದರೂ ಘಟನೆ ಆದರೆ

ಸರ್ವೆ ಅರ್ಧ ಆಗಿರುವಾಗ ಎಲ್ಲೋ ದಾಳಿ ಆಗಬಹುದು. ನಿಮ್ಮ ಫೀಲ್ಡ್ ಕೆಲಸ ಮಾರ್ಚ್‌ನಿಂದ ಮೇವರೆಗೆ ಇತ್ತು, ಏಪ್ರಿಲ್ 22ಕ್ಕೆ 2025ರ ಪಹಲ್ಗಾಮ್ ದಾಳಿ ಬಂತು ಅಂತ ಯೋಚಿಸಿ. ಮೊದಲು ಒಂದೆರಡು ದಿನ ಕೆಲಸ ನಿಲ್ಲಿಸಿ, ತಂಡದ ಹುಡುಗರು ಸುರಕ್ಷಿತವಾಗಿ ಓಡಾಡಬಹುದಾ ಅಂತ ನೋಡಿ. ಆದರೆ ಸಂಗ್ರಹಿಸಿದ್ದನ್ನು ಎಸೆಯಬೇಡಿ. 2002ರ ಬಾಲಿ ಬಾಂಬ್ ದಾಳಿ ನಡೆದಾಗ ಯುರೋಪಿನಲ್ಲಿ ಒಂದು ದೊಡ್ಡ ಸಮೀಕ್ಷೆ ನಡೆಯುತ್ತಿತ್ತು. ದಾಳಿಗೆ ಮೊದಲು ಮತ್ತು ನಂತರ ಉತ್ತರ ಕೊಟ್ಟವರನ್ನು ಹೋಲಿಸಿ, ವಲಸಿಗರ ಬಗ್ಗೆ ಧೋರಣೆ ಎಲ್ಲಿ ಬದಲಾಯಿತು, ಎಲ್ಲಿ ಆಗಲಿಲ್ಲ ಅಂತ ಜೋಶುವಾ ಲೆಗೆವೀ 2013ರಲ್ಲಿ ಬರೆದರು. ಇದಕ್ಕೆಲ್ಲ ಬೇಕಾಗುವುದು ಒಂದೇ: ಪ್ರತಿ ಫಾರಂನ ಮೇಲೆ ದಿನಾಂಕ ಮತ್ತು ಗಂಟೆ.

ಹೆಜ್ಜೆ 9: ಲೆಕ್ಕ ಮತ್ತು ಬರಹ

ಏನನ್ನು ಪರೀಕ್ಷಿಸುತ್ತೀರಿ ಅಂತ ಫೀಲ್ಡಿಗೆ ಹೋಗುವ ಮೊದಲೇ ಬರೆದು ದಿನಾಂಕ ಹಾಕಿ ಎಲ್ಲಾದರೂ ನೋಂದಾಯಿಸಿ. "ಗೊತ್ತಿಲ್ಲ" ಎಂಬ ಉತ್ತರವನ್ನು ಕಸದ ಬುಟ್ಟಿಗೆ ಹಾಕಬೇಡಿ. ಯಾವ ಪ್ರಶ್ನೆಗೆ, ಯಾವ ಬೀದಿಯಲ್ಲಿ, ಯಾರು ಕೇಳಿದಾಗ ಅದು ಜಾಸ್ತಿ ಬಂತು ಅಂತ ನೋಡಿ. ಎಷ್ಟೋ ಸಲ ಅದು ಅಜ್ಞಾನ ಅಲ್ಲ, ಎಚ್ಚರಿಕೆ.

ಸಣ್ಣ ಗುಂಪುಗಳ ಶೇಕಡಾವಾರು ಬರೆಯಬೇಡಿ. 14 ಮಂದಿಯನ್ನು ಕೇಳಿ "ಇಂಥ ಸಮುದಾಯದ ಶೇ. 71" ಅಂತ ಬರೆದರೆ ನಾಳೆ ಅದು ಯಾರದ್ದೋ ಭಾಷಣದಲ್ಲಿ ಇರುತ್ತದೆ. ಶೀರ್ಷಿಕೆಯಲ್ಲಿ "ಕರಾವಳಿಯ ಜನ" ಅಂತ ಹಾಕುವ ಮೊದಲು, ನೀವು ಹೋದದ್ದು ಎಷ್ಟು ಮತಗಟ್ಟೆಗೆ ಅಂತ ಎಣಿಸಿ ನೋಡಿ.

ಹೆಜ್ಜೆ 10: ವಾಪಸ್ ಹೋಗಿ

ಪ್ರಬಂಧ ಇಂಗ್ಲಿಷಿನಲ್ಲಿ ಇರಬಹುದು. ಅದರ ಜೊತೆ ಕನ್ನಡದಲ್ಲಿ ಒಂದೇ ಪುಟ ಮಾಡಿ. ಏನು ಕೇಳಿದೆವು, ಎಷ್ಟು ಮಂದಿ ಏನು ಹೇಳಿದರು, ಅಷ್ಟೆ. ಪಂಚಾಯತಿ ಗ್ರಂಥಾಲಯದಲ್ಲಿ, ಹಾಲಿನ ಡೈರಿಯಲ್ಲಿ, ಮಸೀದಿ, ಚರ್ಚ್, ದೇವಸ್ಥಾನದ ಕಚೇರಿಗಳಲ್ಲಿ ಕೊಡಿ. ಬ್ರಹ್ಮಾವರದ ಅಮ್ಮನಿಗೆ ಕಣ್ಣು ಮಂಜು, ಓದಲು ಆಗುವುದಿಲ್ಲ. ನಾನು ಅದೇ ಜಗಲಿಯಲ್ಲಿ ಕೂತು ಓದಿ ಹೇಳಿದೆ. ಅವರು ಪೂರ್ತಿ ಕೇಳಿ, "ನಾನು ಹೇಳಿದ ಒಂದು ತಿಂಗಳು ಇದರಲ್ಲಿ ಎಲ್ಲಿ ಉಂಟು?" ಅಂತ ಕೇಳಿದರು. ಆ ಪುಟದ ಕಂಬ ಚಿತ್ರದಲ್ಲಿ 30 ದಿನ ಅಂದವರ ಕಂಬದ ಮೇಲೆ ಅವರ ಬೆರಳು ಇಟ್ಟು ತೋರಿಸಿದೆ.